ಆನೆ ಏನು ಮಾಡುತ್ತಿದೆ?

ರೋಜಾ ಸೋಮನಾಥಪುರದ ಹಳೆಯ ದೇವಾಲಯದಲ್ಲಿ ಗೈಡ್ ಆದದ್ದು ಬಾಯಿಪಾಠದ ಬಲದಿಂದ. ತಿ. ನರಸೀಪುರದಲ್ಲಿ ಕನ್ನಡ ಮಾಧ್ಯಮದ ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದಳು. ಬಹಳ ಕಾಲದಿಂದ ಅಲ್ಲಿ ಗೈಡ್ ಆಗಿದ್ದ ದೇವಯ್ಯ ತಮ್ಮ ಇಂಗ್ಲಿಷ್ ಭಾಷಣವನ್ನೇ ಅವಳಿಗೆ ಧಾರೆ ಎರೆದರು. ಹೊಯ್ಸಳರ ಕಾಲ, ನಕ್ಷತ್ರದಾಕಾರದ ಜಗಲಿ, ಮೂರು ಗರ್ಭಗುಡಿ, ಎಲ್ಲವೂ ಅದರೊಳಗಿತ್ತು. ರೋಜಾ ಅದನ್ನು ಮಗ್ಗಿಯ ಹಾಗೆ ಉರು ಹೊಡೆದಳು. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಮಾತ್ರ ಎಳೆ ತಪ್ಪಿ ಮತ್ತೆ ಮೊದಲಿನಿಂದ ಶುರುವಾಗಬೇಕಿತ್ತು. ಅದಕ್ಕೂ ದೇವಯ್ಯನವರ ಬಳಿ ಮದ್ದಿತ್ತು.

"ಕೇಳುದ್ರೆ ‘ಯೆಸ್ ಯೆಸ್’ ಅಂತ ನಕ್ಬುಟ್ಟು ಮುಂದ್ಕೋಗವ್ವ. ಬಂದೋರು ಫೋಟೋ ತಗಿಯಾಕ್ ಬಂದವ್ರೆ, ಪರೀಕ್ಷೆ ಮಾಡಾಕಲ್ಲ."

ಹೀಗೆ ನಗುತ್ತಲೇ ಎರಡು ವರ್ಷ ಸಾಗಿತು. ಆಮೇಲೆ ಒಂದು ಬೆಳಗ್ಗೆ ಪುಣೆಯ ಕಡೆಯ ಒಬ್ಬ ಹಿರಿಯರು ಮಗಳ ತೋಳು ಹಿಡಿದು ಬಂದರು. ಕೈಯಲ್ಲಿ ಬಿಳಿ ಕೋಲು. ಕಣ್ಣು ಕಾಣುತ್ತಿರಲಿಲ್ಲ. ರೋಜಾ ಎಂದಿನಂತೆ ಭಾಷಣ ಶುರು ಮಾಡಿದಳು. ಅವರು ನಯವಾಗಿ ಕೈ ಎತ್ತಿ ತಡೆದು ಇಂಗ್ಲಿಷಿನಲ್ಲಿ ಹೇಳಿದರು: "ಚರಿತ್ರೆ ನನಗೆ ಗೊತ್ತಮ್ಮ. ಈಗ ನಿನ್ನ ಕಣ್ಣಿಗೆ ಏನು ಕಾಣುತ್ತಿದೆಯೋ ಅದನ್ನು ಹೇಳು."

ಅಲ್ಲಿ ಕೆತ್ತನೆಯ ಕಲ್ಲನ್ನು ಯಾರೂ ಮುಟ್ಟುವಂತಿಲ್ಲ. ಅವರಿಗೆ ಮಾತೇ ಕಣ್ಣಾಗಬೇಕಿತ್ತು. ರೋಜಾ ಗೋಡೆ ನೋಡಿದಳು.

"ಎಲಿಫೆಂಟ್," ಎಂದಳು. "ಹಾರ್ಸ್. ವೆರಿ ಬ್ಯೂಟಿಫುಲ್."

"ಆನೆ ಏನು ಮಾಡುತ್ತಿದೆ?"

"ಎಲಿಫೆಂಟ್... ವಾಕ್."

"ಒಂದೇ ಆನೆಯೋ, ಹಲವೋ? ಅದರ ಮೇಲೆ ಯಾರಾದರೂ ಇದ್ದಾರೆಯೇ?"

ಎಲ್ಲವೂ ಅವಳ ಕಣ್ಣೆದುರೇ ಇತ್ತು. ಪದಗಳೂ ಬೇಕಾದಷ್ಟು ಗೊತ್ತಿದ್ದವು. ಆದರೆ ಅವು ಚೀಲದಿಂದ ಸುರಿದ ಕಾಳಿನಂತೆ ಬಿಡಿಬಿಡಿಯಾಗಿ ಬಿದ್ದವೇ ಹೊರತು ಒಂದಕ್ಕೊಂದು ಕೂಡಲಿಲ್ಲ. ಅವಳು ಮತ್ತೆ ಮತ್ತೆ ‘ಬ್ಯೂಟಿಫುಲ್’ ಎಂದಳು. ಹಿರಿಯರು ಬೇಸರಿಸಿಕೊಳ್ಳಲಿಲ್ಲ. "ಎಲ್ಲವೂ ಸುಂದರ ಅಂದುಬಿಟ್ಟರೆ ನನಗೆ ಯಾವುದೂ ಕಾಣುವುದಿಲ್ಲಮ್ಮ," ಎಂದು ನಕ್ಕು, ಕಂಬದ ನೆರಳಿನಲ್ಲಿ ಸುಮ್ಮನೆ ಕೂತು, ಗಾಳಿಯ ಸದ್ದು ಕೇಳಿ ಹೊರಟುಹೋದರು. ಮಗಳು ಹೋಗುವಾಗ ರೋಜಾಳ ಫೋನ್ ನಂಬರ್ ಬರೆದುಕೊಂಡಳು.

ಅವರು ಬೈದಿದ್ದರೆ ರೋಜಾಳಿಗೆ ಅಷ್ಟು ನೋಯುತ್ತಿರಲಿಲ್ಲ. ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ನೇರವಾಗಿ ವಾಣಿ ಟೀಚರ ಬಾಗಿಲು ತಟ್ಟಿದಳು. ವಾಣಿ ಹೈಸ್ಕೂಲಿನಲ್ಲಿ ಅವಳಿಗೆ ಇಂಗ್ಲಿಷ್ ಹೇಳಿಕೊಟ್ಟವರು. ಈಗ ನಿವೃತ್ತರಾಗಿ ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದರು. ನಡೆದದ್ದನ್ನೆಲ್ಲ ಕೇಳಿ ಅವರು ಪುಸ್ತಕ ತೆಗೆಯಲಿಲ್ಲ, ಕಿಟಕಿ ತೆಗೆದರು.

"ಹೊರಗೆ ಏನು ನಡೀತಿದೆ, ಹೇಳು."

"ವುಮನ್... ಫ್ಲವರ್..."

"ನಿಲ್ಲು. ಕನ್ನಡದಲ್ಲಿ ‘ಬಂದಳು’ ಅಂದ್ರೆ ಸಾಕು, ಬಂದೋಳು ಹೆಂಗಸು, ಒಬ್ಬಳೇ ಅಂತ ಗೊತ್ತಾಗೋಗತ್ತೆ. ಇಂಗ್ಲಿಷಿನ ‘ಕೇಮ್’ಗೆ ಆ ತಾಕತ್ತಿಲ್ಲ ಕಣಮ್ಮ. ಯಾರು ಬಂದ್ರು ಅಂತ ಅದು ಬಾಯಿ ಬಿಡಲ್ಲ. ಅದಕ್ಕೇ ‘ಶೀ’ನೋ ‘ದೇ’ನೋ ಮೊದಲು ಬಂದು ನಿಲ್ಲಬೇಕು. ಅವರ ಹಿಂದೇನೇ ಕ್ರಿಯಾಪದ. ನಮ್ಮಲ್ಲಿ ಅದು ಊಟದ ಕೊನೇಲಿ ಮಜ್ಜಿಗೆ ಬಂದಂಗೆ ಬರತ್ತೆ. ಅವರಲ್ಲಿ ಎರಡನೇ ತುತ್ತಿಗೇ ಬಂದ್ಬಿಡತ್ತೆ."

ರೋಜಾಳಿಗೆ ಥಟ್ಟನೆ ಏನೋ ಹೊಳೆಯಿತು. ಆ ಹಿರಿಯರು ‘ಆನೆ ಏನು ಮಾಡುತ್ತಿದೆ’ ಎಂದು ಕೇಳಿದ್ದು ಸುಮ್ಮನಲ್ಲ. ಅವರ ಕಿವಿ ಎರಡನೆಯ ತುತ್ತಿಗೇ ಕಾದಿತ್ತು.

ಅಂದಿನಿಂದ ವಾರಕ್ಕೆರಡು ಸಂಜೆ ಅಲ್ಲಿ ಪಾಠ. ವಾಣಿ ಮೊದಲು ‘ಬ್ಯೂಟಿಫುಲ್’ ಪದವನ್ನೇ ನಿಷೇಧಿಸಿದರು. ಅದರ ಜಾಗಕ್ಕೆ ಬೇರೆ ಗುಣವಾಚಕ ಹುಡುಕಬೇಕು: ದುಂಡಗಿದೆಯೋ, ಸವೆದಿದೆಯೋ, ತೆಳ್ಳಗಿದೆಯೋ, ಮುರಿದಿದೆಯೋ. ಆಮೇಲೆ ಪದಗಳನ್ನು ಬೆಸೆಯುವ ಕೆಲಸ. ನಾವು ‘ಆನೆಯೂ ಕುದುರೆಯೂ’ ಎಂದು ಎರಡಕ್ಕೂ ಬಾಲ ಅಂಟಿಸುತ್ತೇವೆ. ಅವರು ಎರಡರ ನಡುವೆ ಒಂದು ‘ಅಂಡ್’ ನಿಲ್ಲಿಸುತ್ತಾರೆ. ‘ಬಟ್’ ಬಂದರೆ ಮಾತು ಹೊರಳುತ್ತದೆ, ‘ಬಿಕಾಸ್’ ಬಂದರೆ ಕಾರಣ ಹಿಂದೆಯೇ ಬರಬೇಕು. ರೋಜಾ ಬಸ್ಸಿನಲ್ಲಿ ಕಬ್ಬಿನ ಗದ್ದೆ ನೋಡಿದರೂ, ಎಮ್ಮೆ ನೋಡಿದರೂ ತುಟಿಯಲ್ಲೇ ವಾಕ್ಯ ಕಟ್ಟತೊಡಗಿದಳು. ಮನೆಯಲ್ಲಿ ತಾಯಿ ಪಾಪಮ್ಮ ಮುದ್ದೆ ತೊಳಸುತ್ತಿದ್ದರೆ ಬಾಗಿಲಿಗೊರಗಿ ಗೊಣಗುವಳು: ನನ್ನವ್ವ ಹಿಟ್ಟು ತೊಳಸುತ್ತಿದ್ದಾಳೆ, ಆದರೆ ಅವಳು ನನ್ನನ್ನೇ ನೋಡುತ್ತಿದ್ದಾಳೆ, ಯಾಕೆಂದರೆ...

"ಏನವ್ವಾ, ಒಬ್ಳೇ ಮಾತಾಡ್ಕಂಡ್ ನಿಂತಿದ್ದೀಯ? ಗಾಳಿಗೀಳಿ ಮೆಟ್ಕತಾ?" ಎಂದು ಪಾಪಮ್ಮ ಕೋಲು ನಿಲ್ಲಿಸಿ ಕೇಳಿದಾಗ, ‘ಬಿಕಾಸ್’ ಹಿಂದೆ ಬರಬೇಕಾದ ಕಾರಣ ತಾನಾಗಿಯೇ ಸಿಕ್ಕಿತು.

ದೇವಸ್ಥಾನದಲ್ಲಿ ಮಾತ್ರ ಕಷ್ಟವಾಯಿತು. ಉರು ಹೊಡೆದ ಭಾಷಣ ನೀರಿನಂತೆ ಹರಿಯುತ್ತಿತ್ತು, ಕಟ್ಟಿದ ವಾಕ್ಯ ತಡವರಿಸುತ್ತಿತ್ತು. ಒಂದು ದಿನ ಪ್ರವಾಸಿಯೊಬ್ಬರು ಅವಳನ್ನು ಅರ್ಧಕ್ಕೇ ಬಿಟ್ಟು ದೇವಯ್ಯನವರ ಹಿಂದೆ ಹೊರಟರು. ದೇವಯ್ಯನವರಿಗೂ ನೋವಿತ್ತು.

"ನಾನ್ ಕೊಟ್ಟದ್ರಲ್ಲಿ ಏನವ್ವಾ ಕಮ್ಮಿ ಆಗಿತ್ತು?"

"ಕಮ್ಮಿ ಏನಿಲ್ಲ ಸಾ. ಅದು ನಿಮ್ ಮಾತು. ನಂಗೆ ಕೇಳಿದ್ದುಕ್ಕೆ ಉತ್ರ ಕೊಡೋ ಮಾತು ಬೇಕು."

ದೇವಯ್ಯ ಹೋಗಿ ಮರದ ಕೆಳಗೆ ಕೂತರು. ರೋಜಾ ಪಟ್ಟು ಬಿಡಲಿಲ್ಲ. ತಪ್ಪಾಡಿದರೆ ತಾನೇ ತಿದ್ದಿಕೊಂಡಳು. ಪ್ರವಾಸಿಗಳ ಬಾಯಿಂದ ಹೊಸ ಪದ ಬಿದ್ದರೆ ಹೆಕ್ಕಿಕೊಂಡಳು. ಬೇಸಿಗೆ ಕಳೆಯುವ ಹೊತ್ತಿಗೆ ಪ್ರಶ್ನೆ ಕೇಳುವವರು ಬಂದರೆ ಅವಳಿಗೆ ಖುಷಿಯಾಗತೊಡಗಿತ್ತು.

ಮಳೆಗಾಲದ ಒಂದು ಬೆಳಗ್ಗೆ ಫೋನ್ ಬಂತು. ಪುಣೆಯ ಆ ಮಗಳು. ಅಪ್ಪನಿಗೆ ಸೊಂಟದ ಮೂಳೆ ಮುರಿದಿದೆ, ಇನ್ನು ದೂರದ ಪ್ರಯಾಣವಿಲ್ಲ, ಆದರೆ ಆ ಗೋಡೆಯನ್ನು ಅರ್ಧಕ್ಕೆ ಬಿಟ್ಟು ಬಂದೆ ಎಂದು ಹೇಳುತ್ತಲೇ ಇರುತ್ತಾರೆ, ಒಂದಿಷ್ಟು ಮಾತಾಡುವೆಯಾ ಎಂದಳು. ಆಗಷ್ಟೇ ಮಳೆ ನಿಂತು ಕಲ್ಲು ಕಪ್ಪಗೆ ಹೊಳೆಯುತ್ತಿತ್ತು. ರೋಜಾ ಗೋಡೆಯ ಮುಂದೆ ನಿಂತು ಫೋನ್ ಕಿವಿಗಿಟ್ಟಳು.

"ಆನೆಯಿಂದ ಶುರು ಮಾಡಮ್ಮ," ಎಂದಿತು ಆ ಕಡೆಯ ದನಿ.

"ದೇ ಆರ್ ವಾಕಿಂಗ್," ಎಂದಳು ರೋಜಾ. ಸಾಲಾಗಿ ನಡೆಯುತ್ತಿವೆ, ದುಂಡಗಿವೆ, ಮಳೆಯಲ್ಲಿ ನೆನೆದಿವೆ. ಒಂದು ಆನೆ ಮಾತ್ರ ನಡೆಯುತ್ತಿಲ್ಲ, ಯಾಕೆಂದರೆ ಅದು ಸೊಂಡಿಲಿನಿಂದ ಮುಂದಿನದರ ಬಾಲ ಎಳೆದು ಹಿಡಿದಿದೆ. ಆ ಕಡೆ ನಗು ಕೇಳಿಸಿತು. ಅವಳು ಮೇಲಿನ ಸಾಲಿಗೆ ಹೋದಳು. ಕುದುರೆ ಸವಾರ ಹಿಂದಕ್ಕೆ ಬಾಗಿದ್ದಾನೆ, ಎಡಗೈ ಮುರಿದಿದೆ, ಆದರೂ ಬಲಗೈಯಲ್ಲಿ ಬಿಗಿಯಾಗಿ ಹಿಡಿದಿದ್ದಾನೆ... ಏನನ್ನು? ಲಗಾಮಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಹಿಂದಿನ ರೋಜಾ ಆಗಿದ್ದರೆ ‘ವೆರಿ ಬ್ಯೂಟಿಫುಲ್’ ಎಂದು ಮುಂದೆ ಹೋಗುತ್ತಿದ್ದಳು. ಈಗ ಇನ್ನೊಮ್ಮೆ ಗೋಡೆ ನೋಡಿದಳು.

"ಹೀ ಈಸ್ ಹೋಲ್ಡಿಂಗ್ ದಿ ರೋಪ್," ಎಂದಳು, "ದಟ್ ಈಸ್ ಇನ್ ದಿ ಹಾರ್ಸಸ್ ಮೌತ್."

ಹಿರಿಯರು, "ಅದಕ್ಕೆ ರೀನ್ಸ್ ಅಂತಾರೆ. ಆದರೆ ನೀನು ಆ ಪದ ಅಂದಿದ್ದರೆ ನನಗೆ ಪದ ಮಾತ್ರ ಕೇಳಿಸುತ್ತಿತ್ತು. ಈಗ ಕುದುರೆಯ ಬಾಯಿ ಕಂಡಿತು," ಎಂದರು.

ರೋಜಾ ಫೋನ್ ಇಟ್ಟಳು. ತಿರುಗಿದರೆ ಹಿಂದೆ ದೇವಯ್ಯ ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ.

"ಆ ಆನೆ ಬಾಲ ಇಡ್ಕಂಡಿರೋದ ನಾನು ಇಷ್ಟ್ ವರ್ಷ ನೋಡೇ ಇರ್ನಿಲ್ಲ ಕಣವ್ವ," ಎಂದು ಅವರು ಗೋಡೆಗೆ ಮುಖ ಹತ್ತಿರ ತಂದರು.

ಈಗ ಮೈಸೂರಿನಿಂದ ಕಣ್ಣು ಕಾಣದ ಮಕ್ಕಳು ಬಂದರೆ ರೋಜಾಳನ್ನೇ ಕೇಳುತ್ತಾರೆ. ಆ ಮಕ್ಕಳಿಗೆ ಕನ್ನಡದಲ್ಲೇ ಹೇಳುತ್ತಾಳೆ. ಇಂಗ್ಲಿಷಿಗಾಗಿ ನೋಡಲು ಕಲಿತದ್ದು ಕನ್ನಡಕ್ಕೂ ಒದಗಿತು.

ಹೋದ ಮಾಗಿಯಲ್ಲಿ ಅವಳು ತಾಯಿಯನ್ನು ಅಲ್ಲಿಗೆ ಕರೆದೊಯ್ದಳು. ಪಾಪಮ್ಮ ಅಷ್ಟು ವರ್ಷ ಬಂದಿರಲಿಲ್ಲ. ಗೇಟಿನ ಬಳಿಯೇ ಕಾಲು ಹಿಂದೆಗೆದರು. "ನಮ್ಮವ್ವುನ್ ಕಾಲ್ದಲ್ಲಿ ಗುಡಿ ಬಾಗ್ಲಿಗೂ ಸುಳಿಯಂಗಿರ್ನಿಲ್ಲ ಕಣವ್ವ. ನಾವು ಬುದ್ದುಂಗೆ ಕೈ ಮುಗಿಯೋರು. ನಂಗೇನು ಇಲ್ಲಿ ಕೆಲ್ಸ?"

"ಇಲ್ಲಿ ಪೂಜೆ ಇಲ್ಲ ಕಣವ್ವ. ಟಿಕೆಟ್ ತಗಂಡ್ರೆ ಎಲ್ರೂ ಒಂದೇ. ಮಗಳು ಕೆಲ್ಸ ಮಾಡೋ ಜಾಗ, ಬಾ."

ಒಳಗೆ ಬಂದ ಪಾಪಮ್ಮ ಮೊದಲು ನೆಲ ನೋಡಿಕೊಂಡೇ ನಡೆದರು. ಆಮೇಲೆ ತಲೆಯೆತ್ತಿದರು. ಗೋಡೆಯ ಮೂಲೆಯಲ್ಲಿ ಹಿಂದೆ ತಿರುಗಿ ನೋಡುತ್ತಿದ್ದ ಒಬ್ಬ ಕಲ್ಲಿನ ಹೆಂಗಸಿನ ಮುಂದೆ ನಿಂತವರು ಕದಲಲಿಲ್ಲ.

"ಇವ್ಳು ಯಾಕಿಂಗ್ ತಿರುಗವ್ಳೆ?"

ರೋಜಾಳಿಗೂ ಗೊತ್ತಿರಲಿಲ್ಲ. "ನೀನೇ ಯೋಳವ್ವ," ಎಂದಳು.

ಪಾಪಮ್ಮ ಸೆರಗು ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. "ಒಂಟೋಗ್ತಿದ್ಲು. ಆದ್ರೆ ಯಾರೋ ಕರುದ್ರು. ಅದುಕ್ಕೇ ನಿಂತವ್ಳೆ."

ಮರುದಿನ ಹೊರದೇಶದ ಗುಂಪೊಂದು ಅದೇ ಮೂಲೆಗೆ ಬಂದಾಗ ರೋಜಾ ಹೇಳಿದಳು: "ಶೀ ವಾಸ್ ಲೀವಿಂಗ್, ಬಟ್ ಸಮ್‌ಒನ್ ಕಾಲ್ಡ್ ಹರ್. ಸೋ ಶೀ ಸ್ಟಾಪ್ಡ್." ಇದನ್ನು ಯಾವ ಪುಸ್ತಕದಲ್ಲಿ ಓದಿದಿರಿ ಎಂದು ಒಬ್ಬರು ಕೇಳಿದರು. ಪುಸ್ತಕದಲ್ಲಲ್ಲ, ನಮ್ಮವ್ವ ಹೇಳಿದ್ದು ಎಂದಳು ರೋಜಾ.