ಉಪ್ಪುಕಟ್ಟೆಯ ಕರಿಕಲ್ಲು

ಬಂದರಿನ ಉಪ್ಪುಕಟ್ಟೆ ಚೌಕದಲ್ಲಿ ಮಲ್ಲಿಗೆ ಮಾರುವ ಬಾಗಿಯಕ್ಕನವರು ಬೆಳಿಗ್ಗೆ ಪಡೀಲಿನಿಂದ ಬಂದವರೇ ಅಲ್ಲಿನ ಕರಿಕಲ್ಲಿನ ಮೇಲೆ ಒಂದು ತುಂಡು ಹೂವಿಟ್ಟು ಕೈಮುಗಿಯುತ್ತಿದ್ದರು. ಅವರ ಅತ್ತೆಯೂ ಹಾಗೆಯೇ ಮಾಡುತ್ತಿದ್ದರಂತೆ. ಆ ಕಲ್ಲಿನ ಮೇಲೆ ಮಕ್ಕಳನ್ನು ಕೂರಿಸಬಾರದೆಂಬ ಕಟ್ಟಳೆ ಬೇರೆ. ಯಾವ ದೈವದ್ದೆಂದು ಕೇಳಿದರೆ, "ಹೆಸರು ಗೊತ್ತಿಲ್ಲ, ಆದರೆ ಕಾರಣಿಕ ಉಂಟು, ಶಕ್ತಿ ಉಂಟು" ಎನ್ನುತ್ತಿದ್ದರು. ನಾನು ಚರ್ಚಿನಲ್ಲಿ ಸುವಾರ್ತೆ ಸಾರುವವನು. ಆದರೂ ಹೆಸರಿಲ್ಲದ ಕಲ್ಲಿನ ಮೇಲಿನ ಆ ನಿಷ್ಠೆ ನನ್ನಲ್ಲಿ ಕುತೂಹಲ ಹುಟ್ಟಿಸಿತ್ತು.

ಈ ವರ್ಷ ಚೌಕಕ್ಕೆ ಹೊಸ ನೆಲಹಾಸು ಬಂತು. ಇಂಜಿನಿಯರ್ ಶೈಲೇಶ್ ಅಂಜುತ್ತಲೇ ಕೇಳಿದರು: "ಅಕ್ಕಾ, ದೈವದ ಕಲ್ಲಾದರೆ ನಾವು ಮುಟ್ಟುವುದಿಲ್ಲ. ಅಲ್ಲವಾದರೆ ನಾಳೆ ಜೆಸಿಬಿ ಬರ್ತದೆ. ಎಂತ ಹೇಳ್ತೀರಿ?"

ದೈವದ ಹೆಸರಿನಲ್ಲಿ ತಪ್ಪು ಮಾತಾಡಲು ಬಾಗಿಯಕ್ಕನಿಗೆ ಭಯ. ವಿಚಾರಿಸಲೆಂದು ನನ್ನನ್ನೂ ಕರೆದುಕೊಂಡು, ಚೌಕದ ಹಿರಿಯರಾದ ಹಗ್ಗದಂಗಡಿಯ ಅಹ್ಮದ್ ಬಾವರ ಬಳಿಗೆ ಹೋದರು.

"ದೈವವಾ? ಎಂತ ಮಾರಾಯ್ತಿ!" ಬಾವ ನಕ್ಕರು. ಮರುಕ್ಷಣವೇ ಅವರ ನಗು ಆರಿತು. "ಇಲ್ಲಿ ಬಸ್ಸು ನಿಲ್ಲುವ ಮೊದಲು ಉಪ್ಪಿನ ಗಾಡಿ ನಿಲ್ಲುತ್ತಿತ್ತು. ಅದಕ್ಕೂ ಮೊದಲು ಆಳುಗಳನ್ನು ಮಾರ್ತಿದ್ದರಂತೆ. ಎಲ್ಲರಿಗೂ ಕಾಣಲಿ ಅಂತ ಆ ಕಲ್ಲಿನ ಮೇಲೆ ನಿಲ್ಲಿಸುವುದು. ಅದರ ಮೇಲೆ ಕೂತ ಮಗುವೂ ಮಾರಾಟಕ್ಕೇ ಅಂತ ಲೆಕ್ಕ."

"ನೀವು ನೋಡಿದ್ದಾ ಬಾವಾಕ?" ಎಂದು ಬಾಗಿಯಕ್ಕ ಕೇಳಿದರು.

"ನನಗೆ ಅಷ್ಟು ಪ್ರಾಯ ಆಗಿದೆಯಾ? ಅಜ್ಜ ಹೇಳಿದ್ದು. ಅವರಿಗೂ ಯಾರೋ ಹೇಳಿದ್ದು."

ಹಿಂತಿರುಗುವಾಗ ಬಾಗಿಯಕ್ಕ ದಾರಿಯಲ್ಲೇ ನಿಂತುಬಿಟ್ಟರು. "ಹಾಗಾದರೆ ಇಷ್ಟು ವರ್ಷ ನಾನು ಹೂವಿಟ್ಟದ್ದು ಯಾರಿಗೆ?"



ಮರುದಿನ ಯಂತ್ರ ಗುಡುಗುತ್ತಾ ಬಂತು. ದೈವದ್ದೆಂದು ಒಂದು ಮಾತು ಹೇಳಿದ್ದರೆ ಕಲ್ಲು ಉಳಿಯುತ್ತಿತ್ತು. ಬಾಗಿಯಕ್ಕ ಹೇಳಲಿಲ್ಲ.

"ದೈವದ್ದಲ್ಲ ಸಾರ್. ಆದರೂ ತೆಗೀಬೇಡಿ. ಇಲ್ಲಿ ನಿಲ್ಲಿಸಿ ಮನುಷ್ಯರನ್ನು ಮಾರಿದ್ದಂತೆ."

"ಅಂಥದ್ದನ್ನು ಇಟ್ಟುಕೊಂಡು ಎಂತ ಮಾಡುವುದು ಅಕ್ಕಾ?" ಎನ್ನುತ್ತಾ ಶೈಲೇಶ್ ಚಾಲಕನಿಗೆ ಕೈಸನ್ನೆ ಮಾಡಿದರು.

ಬಾಗಿಯಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು ಕಲ್ಲಿನ ಮೇಲೆ ಹತ್ತಿ ನಿಂತರು. ರಿಕ್ಷಾದವರೆಲ್ಲ ಓಡಿಬಂದರು.

"ಇಳಿಯಿರಿ ಮಾರಾಯ್ರೆ, ಜನ ನೋಡ್ತಾರೆ!"

"ನೋಡಲಿ. ಆಗಲೂ ನೋಡಿದ್ದರಲ್ಲ? ಇಲ್ಲಿ ನಿಂತವರಲ್ಲಿ ನಮ್ಮವರು ಇದ್ದರೋ ಇಲ್ಲವೋ, ಯಾರಿಗೆ ಗೊತ್ತು? ಒಬ್ಬರ ಹೆಸರೂ ಉಳಿಯಲಿಲ್ಲ. ನಿಂತ ಜಾಗವಾದರೂ ಇರಲಿ."

ಶೈಲೇಶ್ ತಲೆ ಕೆರೆದುಕೊಂಡರು. ಬದಿಗೆ ಹೋಗಿ ಯಾರಿಗೋ ಫೋನು ಮಾಡಿದರು. ಕೊನೆಗೆ ಬಂದು, ಕಲ್ಲನ್ನು ಬಿಟ್ಟು ಸುತ್ತಲೂ ನೆಲಹಾಸು ಹಾಕಲು ಕೆಲಸದವರಿಗೆ ಹೇಳಿದರು. ಯಂತ್ರ ಹಿಂದೆ ಸರಿಯಿತು.

"ಇನ್ನಾದರೂ ಇಳಿಯಿರಿ ಅಕ್ಕಾ."

"ಹತ್ತಿದ್ದೇನೋ ಹತ್ತಿದೆ," ಎಂದರು ಬಾಗಿಯಕ್ಕ, ನನ್ನತ್ತ ಕೈಚಾಚಿ. "ಮೊಣಕಾಲು ನೋವು ಮಾರಾಯ್ರೆ, ಸ್ವಲ್ಪ ಹಿಡಿಯಿರಿ."