ಭಾವ ಎಮ್ಮೆಗೆ ಹೇಳಿದ್ದು

ನಮ್ಮ ಭಾವ ಶಿವಲಿಂಗಪ್ಪನವರು ನನಗೆ ಹೇಳಬೇಕಾದ್ದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದರು. ಹದಡಿಯಲ್ಲಿ ಬಸ್ಸಿಳಿದು ನಾನು ಅಕ್ಕನ ಮನೆಯಂಗಳಕ್ಕೆ ಕಾಲಿಟ್ಟರೆ, ಎಮ್ಮೆಯ ಮೈತಿಕ್ಕುತ್ತಿದ್ದವರು ಕೈ ನಿಲ್ಲಿಸದೆ, “ಗಂಗೀ, ಪ್ಯಾಟೆಯಿಂದ ಯಾರೋ ಬಂದಾರೆ ನೋಡು. ಬಿಸಿಲಾಗೆ ಬಂದಾರೆ, ಮಜ್ಜಿಗೆ ಬೇಕೇನು ಕೇಳು” ಎನ್ನುವರು.

“ಎಮ್ಮೆ ಯಾಕ ಕೇಳ್ಬೇಕು? ನಿಮಗೆ ಬಾಯಿಲ್ಲೇನ್ರಿ?” ಎಂದು ಒಳಗಿನಿಂದ ಅಕ್ಕ.

“ಮಜ್ಜಿಗೆ ಅದರದ್ದು. ಅದೇ ಕೇಳ್ಲಿ ಬಿಡು.”

ಮೊದಲು ಹೀಗಿರಲಿಲ್ಲ. ನಾನು ದಾವಣಗೆರೆ ಮಂಡಿಪೇಟೆಯ ಕಾಳಿನ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ರಜೆ ಸಿಕ್ಕರೆ ಹದಡಿಗೇ ಹೋಗುತ್ತಿದ್ದೆ. ಮನೆಗೆ ಬಂದ ನೆಂಟರನ್ನು ಭಾವ ಕೂರಲು ಬಿಡುತ್ತಿರಲಿಲ್ಲ. ಎಂಥ ಬಿಸಿಲಿರಲಿ, ಹೆಗಲಿಗೆ ಟವೆಲ್ ಹಾಕಿಕೊಂಡು ಊರು ತೋರಿಸಲು ಹೊರಡಿಸುವರು. ನಾಲೆ, ಗದ್ದೆ, ಮೆಕ್ಕೆಜೋಳದ ಹೊಲ ಎಲ್ಲ ಆಗಬೇಕು. ನೂರು ಸಲ ನೋಡಿದ್ದನ್ನೇ ಹೊಸದೆಂಬಂತೆ ತೋರಿಸುವರು. ದಾರಿಯಲ್ಲಿ ಸಿಕ್ಕವರಿಗೆಲ್ಲ “ನಮ್ಮನೆಯಾಕಿ ತಮ್ಮ, ಮಲ್ಲೇಶಿ. ಇವನು ತೂಗಿದ್ರೆ ಒಂದು ಕಾಳು ಹೆಚ್ಚಿಲ್ಲ, ಕಡಿಮಿಲ್ಲ” ಎಂದು ಹೇಳಿಕೊಳ್ಳುವರು.

ಅವರ ಮಗಳು ಗಿರಿಜೆಯನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಬಂದರು. ಹುಡುಗ ಮೇಷ್ಟ್ರು. ಎಲ್ಲರಿಗೂ ಒಪ್ಪಿಗೆಯಾಗಿತ್ತು. ಆದರೂ ನಮ್ಮಲ್ಲಿ ಹೆಣ್ಣು ನೋಡಿ ಹೋದವರು ನೆಂಟರನ್ನು ಗುಟ್ಟಾಗಿ ವಿಚಾರಿಸುವುದುಂಟು, ಅದರಲ್ಲೂ ಸೋದರಮಾವನ ಮಾತಿಗೆ ತೂಕ ಹೆಚ್ಚು. ಹುಡುಗನ ತಂದೆ ಅಂಗಡಿಗೇ ಬಂದು, “ಹುಡುಗಿ ಹೆಂಗೆ ರೀ? ನೀವು ಎತ್ತಿ ಆಡಿಸ್ದೋರು” ಎಂದರು. ನಾನು ಅವರ ಮುಖ ನೋಡದೆ, “ಒಂದೀಟು ಯೋಚನೆ ಮಾಡ್ರಿ” ಎಂದೆ.

ಅಷ್ಟೇ ಹೇಳಿದ್ದು. ಅವರು ಚಹಾ ಕೂಡ ಕುಡಿಯದೆ ಎದ್ದರು.

ಗಿರಿಜೆಯಲ್ಲಿ ಯಾವ ಕುಂದೂ ಇರಲಿಲ್ಲ. ನನ್ನ ಮಗಳಿಗೂ ಆಗ ಗಂಡು ಹುಡುಕುತ್ತಿದ್ದೆ. ಆ ಮೇಷ್ಟ್ರು ನಮಗೇ ಆದರೆ ಎಂಬ ಆಸೆ ಬಂದಿತ್ತು. ಅವರು ಗಿರಿಜೆಯನ್ನು ಬಿಟ್ಟರು, ನಮ್ಮ ಮನೆಗೂ ಬರಲಿಲ್ಲ.

ಮಾತು ಹೇಗೋ ಭಾವನ ಕಿವಿಗೆ ಬಿತ್ತು. ಅಕ್ಕ ಕೇಳಿದಾಗ, “ನಾನು ಹಂಗಂದಿಲ್ಲಕ್ಕಾ, ಶಿವನಾಣೆ” ಎಂದೆ. ಅವಳು ನಂಬಿದಳು. ಭಾವ ನಂಬಲಿಲ್ಲ. ಜಗಳ ಮಾಡಲಿಲ್ಲ, ಬರಬೇಡ ಎನ್ನಲೂ ಇಲ್ಲ. ನನ್ನೊಡನೆ ಮಾತು ಬಿಟ್ಟರು.

ಊರು ತೋರಿಸುವುದನ್ನು ಮಾತ್ರ ಬಿಡಲಿಲ್ಲ. ಎಮ್ಮೆಯ ಹಗ್ಗ ಹಿಡಿದು ಮುಂದೆ ಅವರು, ಹಿಂದೆ ನಾನು. “ಗಂಗೀ, ಈ ಸಲ ನಾಲೆ ನೀರು ತಡ ಆತು. ಆ ಕಡೆ ಹೊಲ ಮಾರಿದ್ರು, ಸೈಟ್ ಮಾಡ್ತಾರಂತೆ.” ಎಮ್ಮೆ ಹುಲ್ಲಿಗೆ ಬಾಯಿ ಹಾಕಿದರೆ ಸುದ್ದಿ ನಿಲ್ಲುತ್ತಿತ್ತು. ಅದು ತಿಂದು ಮುಗಿಸುವತನಕ ನಾನೂ ಕಾಯಬೇಕು. ಒಮ್ಮೆ ನಾಲೆಯ ಏರಿಯ ಮೇಲೆ ನನ್ನ ಕಾಲು ಜಾರಿತು. ಭಾವ ತಟ್ಟನೆ ತಿರುಗಿ ನನ್ನ ರಟ್ಟೆ ಹಿಡಿದೆಳೆದರು. ಬೈದದ್ದು ಎಮ್ಮೆಗೆ. “ಕಣ್ಣು ಕಾಣ್ಸಲ್ಲೇನು ನಿನಗೆ? ನೀರಿಗೆ ಬಿದ್ದು ಸತ್ರೆ ನಿಮ್ಮಕ್ಕಗೆ ಏನು ಹೇಳ್ಲಿ ನಾನು?” ರಟ್ಟೆಯ ಮೇಲೆ ಅವರ ಬೆರಳು ಮೂಡಿತ್ತು. ಅಲ್ಲೇ ತಪ್ಪೊಪ್ಪಿಕೊಳ್ಳಬಹುದಿತ್ತು. ಬಟ್ಟೆಯ ಕೆಸರು ಒರೆಸಿಕೊಂಡು ನಡೆದೆ.

ಗಿರಿಜೆಗೆ ಮುಂದೆ ಹರಿಹರದಲ್ಲೇ ಬೇರೆ ಸಂಬಂಧ ಕೂಡಿತು. ಚೆನ್ನಾಗಿಯೇ ಇದ್ದಾಳೆ. ಅದನ್ನು ನೆನೆದು ಸಮಾಧಾನಪಡಲು ನೋಡಿದ್ದೇನೆ, ಆಗಿಲ್ಲ. ಅಕ್ಕ ತೀರಿಕೊಂಡ ಮೇಲೆ ಎಮ್ಮೆಯನ್ನು ಮಾರಿ ಭಾವ ಮಗಳ ಮನೆ ಸೇರಿದರು. ಅವರನ್ನು ಮಣ್ಣು ಮಾಡಿ ಈಗ ವರ್ಷವಾಗುತ್ತಾ ಬಂತು. ಅಂದು ಎಲ್ಲರ ಜೊತೆ ನಾನೂ ಹಿಡಿ ಮಣ್ಣು ಹಾಕಿದೆ. ಅಳು ಬರಲಿಲ್ಲ. ಈಗ ಇದನ್ನು ಬರೆಯುವಾಗಲೂ ಬರುತ್ತಿಲ್ಲ.

ಅವರು ತೀರಿಕೊಳ್ಳುವ ಸ್ವಲ್ಪ ಮುಂಚೆ, ಬದುಕಿರುವಾಗಲೇ ಹೇಳಿಬಿಡಬೇಕೆಂದು ಹರಿಹರದ ಬಸ್ಸು ಹತ್ತಿದ್ದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬಾಗಿಲು ತೆಗೆದ ಗಿರಿಜೆ, “ಮಾವ, ಅಪ್ಪಗೆ ಈಗ ನೆನಪು ನಿಲ್ಲಲ್ಲ. ಒಂದೊಂದು ಸಲ ನನ್ನೇ ಅವ್ವ ಅಂತಾರೆ. ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದು ಚಹಾ ಇಡಲು ಒಳಗೆ ಹೋದಳು.

ಭಾವ ಕಿಟಕಿಯ ಹತ್ತಿರ ಮಂಚದ ಮೇಲೆ ಕೂತಿದ್ದರು. ನೇರವಾಗಿ ನನ್ನ ಮುಖ ನೋಡಿದರು.

“ಬರ್ರಿ, ಕೂಡ್ರಿ. ಯಾವೂರಾತು?”

ಎಷ್ಟೋ ವರ್ಷದಿಂದ ಕಾದಿದ್ದ ಮಾತು. ಕೇಳಿಸಿತು, ಆದರೆ ಒಳಗೆ ಏನೂ ಆಗಲಿಲ್ಲ.

“ದಾವಣಗೆರೆ. ಮಂಡಿಪೇಟೆ.”

“ಮಂಡಿಪೇಟೆಯಾ? ಅಲ್ಲಿ ನಮ್ಮನೆಯಾಕಿ ತಮ್ಮ ಅದಾನೆ, ಮಲ್ಲೇಶಿ ಅಂತ. ಗೊತ್ತೇನ್ರಿ?”

“ಗೊತ್ತು.”

“ಹೆಂಗದಾನೆ?”

ನಾನೇ ಮಲ್ಲೇಶಿ ಎಂದರೆ ಆ ನೋಟ ಗೋಡೆಗೆ ತಿರುಗೀತು ಅನಿಸಿತು. “ಅದಾನ್ರಿ. ವಯಸ್ಸಾಗೈತೆ” ಎಂದೆ.

ಭಾವ ಒಳಗೆ ಗಿರಿಜೆಗೆ ಕೇಳಿಸಬಾರದೆಂಬಂತೆ ದನಿ ಇಳಿಸಿದರು. “ಅವನ ಕೂಡ ಮಾತು ಬಿಟ್ಟೀನಿ. ಯಾಕ ಬಿಟ್ಟೆ ಅನ್ನೋದೇ ನೆನಪಾಗವಲ್ದು. ಸಿಕ್ರೆ ಹೇಳ್ರಿ, ಭಾವ ಬಾ ಅಂದ ಅಂತ. ನಾಲೆಗೆ ನೀರು ಬಿಟ್ಟಾರೆ, ಗದ್ದೆ ಕಡೆ ಹೋಗಿ ಬರಣ ಅಂತ.”

“ಹೇಳ್ತೀನ್ರಿ” ಎಂದೆ.