ಗೆದ್ದಲಿಗೆ ಬಾಣಂತನ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನ ಮನೆಗೇ ಗೆದ್ದಲು ಹತ್ತಿತು ಎಂಬುದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಹತ್ತುವುದೇನೋ ಎಲ್ಲರ ಮನೆಗೂ ಹತ್ತುತ್ತದೆ. ನಾವು ಮಾತ್ರ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಸೋಮವಾರಕ್ಕೊಮ್ಮೆ ಹಾಲೆರೆದು ಸಾಕಿದೆವು. ಹಾಲಿನ ಪಾಕೀಟು ತಂದುಕೊಡುತ್ತಿದ್ದವನು ನಾನೇ.

ಗೆದ್ದಲೆಂದರೆ ನನಗೆ ಮೊದಲಿನಿಂದಲೂ ಗೌರವ. ದುಡಿಯುವ ಹುಳುಗಳಿಗೆ ಕಣ್ಣಿಲ್ಲ. ಆದರೂ ನಾವು ಜೋಪಾನವಾಗಿ ಎತ್ತಿಟ್ಟ ವಸ್ತು ಎಲ್ಲಿದೆಯೆಂದು ನಮಗಿಂತ ಮೊದಲು ಅವಕ್ಕೆ ಗೊತ್ತು. ಬಿಸಿಲು ಗಾಳಿ ತಾಗಿದರೆ ಒಣಗಿ ಸಾಯುತ್ತವೆ. ಅದಕ್ಕೇ ಮಣ್ಣಿಗೆ ಎಂಜಲು ಕಲಸಿ ಕೊಳವೆ ಕಟ್ಟಿಕೊಂಡು ಅದರೊಳಗೇ ಓಡಾಡುತ್ತವೆ. ಕೊಪ್ಪಳದ ಏಪ್ರಿಲ್ ಬಿಸಿಲಿಗೆ ಈ ಬುದ್ಧಿ ನಮಗೂ ಬರಬೇಕಿತ್ತು. ನೆಲದೊಳಗೆ ರಾಣಿ ಮಲಗಿದಲ್ಲೇ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತಾಳೆ. ರಾಜನೆಂಬುವನು ಜೀವಮಾನವಿಡೀ ಅವಳ ಪಕ್ಕದಲ್ಲಿ ತುಟಿ ಪಿಟಕ್ಕೆನ್ನದೆ ಇರುತ್ತಾನೆ. ಪ್ರಪಂಚದ ಗಂಡಂದಿರ ಪೈಕಿ ನನಗೆ ಪೂರ್ತಿ ಅರ್ಥವಾಗುವವನು ಅವನೊಬ್ಬನೇ.

ಇದನ್ನೆಲ್ಲ ಯಲಬುರ್ಗಾದ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದವನು ನಾನು. ಆದರೆ ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಹೋದ ವರ್ಷ ಮೊದಲ ಮಳೆ ಬಿದ್ದ ಸಂಜೆ ಭಾಗ್ಯನಗರದ ನಮ್ಮ ಮನೆಯ ಟ್ಯೂಬ್‌ಲೈಟಿಗೆ ರೆಕ್ಕೆಯ ಹುಳುಗಳು ಮುತ್ತಿದವು. ಬೆಳಿಗ್ಗೆ ನೋಡಿದರೆ ಕಿಟಕಿಯ ಕೆಳಗೆ ಬರೀ ರೆಕ್ಕೆ. ಹುಳು ಎಲ್ಲಿ ಹೋದವು ಎಂದು ವಿಜ್ಞಾನದವನು ಕೇಳಬೇಕಿತ್ತು. ನಾನು ಚಹಾ ಎಲ್ಲಿ ಹೋಯಿತು ಎಂದು ಕೇಳಿದೆ. ಕೆಲವು ದಿನಗಳಲ್ಲಿ ಸಾಮಾನಿನ ಕೋಣೆಯ ಗೋಡೆಯ ಮೇಲೆ ಅಟ್ಟದವರೆಗೆ ಒಂದು ಮಣ್ಣಿನ ಗೆರೆ ಏರಿತು. ಮೂಲೆಯಲ್ಲಿ ಗೇಣುದ್ದ ಮಣ್ಣು ಎದ್ದಿತು. ಆಗ ಎಚ್ಚೆತ್ತು, ಔಷಧಿ ತರುತ್ತೇನೆಂದು ಚೀಲ ಹಿಡಿದೆ. ನಮ್ಮಾಕೆ ಶಾಂತವ್ವ ಬಾಗಿಲಿಗೆ ಅಡ್ಡ ನಿಂತಳು.

"ಮಗಳು ಬಸುರಿ ಅದಾಳ. ಮನ್ಯಾಗ ಬಸುರಿ ಇದ್ದಾಗ ಹುತ್ತ ಕೆಡವ್ತಾರೇನ್ರಿ? ನಾಗಪ್ಪ ತಾನಾಗಿ ಬಂದಾನ."

"ಅದು ನಾಗಪ್ಪ ಅಲ್ಲ, ಗೆದ್ದಲ."

"ಗೆದ್ದಲ ಕಟ್ಟಿದ್ದಕ್ಕ ಹುತ್ತ ಅನ್ನದ ಮತ್ತೇನಂತಾರ್ರಿ?"

ನಿಜ ಹೇಳಿಬಿಡುತ್ತೇನೆ, ನನಗೂ ಹೆದರಿಕೆಯಾಗಿತ್ತು. ಮಗಳು ಸುಧಾಳಿಗೆ ಹಿಂದಿನ ಸಲ ಮೂರು ತಿಂಗಳಿಗೇ ಗರ್ಭ ಹೋಗಿತ್ತು. ಈ ಸಲ ಏನಾದರೂ ಹೆಚ್ಚುಕಮ್ಮಿಯಾದರೆ ಜೀವನಪೂರ್ತಿ ಆ ಔಷಧಿಯ ಡಬ್ಬಿಯೇ ಕಣ್ಣಮುಂದೆ ಬರುತ್ತಿತ್ತು. ಚೀಲ ಕೆಳಗಿಟ್ಟು ಹಾಲು ತರಲು ಹೋದೆ. ತೇವಕ್ಕಾಗಿ ನೆಲ ಬಗೆಯುವ ಹುಳುವಿಗೆ ಕೂತಲ್ಲೇ ತೇವ ಸಿಕ್ಕಿತು.

ಸುಧಾ ಹೆಣ್ಣು ಹೆತ್ತಳು. ತಾಯಿ ಮಗು ಇಬ್ಬರೂ ಕ್ಷೇಮ. ಹದಿಮೂರನೇ ದಿನ ಹೆಸರಿಡುವುದಕ್ಕೆ ಹನುಮಸಾಗರದಿಂದ ಬೀಗರು ಬಂದರು. ಶಾಂತವ್ವನ ತವರಿನ ತೊಟ್ಟಿಲನ್ನು ಅಟ್ಟದಿಂದ ಇಳಿಸಿದೆವು. ಕಿನ್ನಾಳದ ಬಣ್ಣದ ಕೆಲಸ. ಅಂಚಿನ ಗಿಳಿಗಳು ನಿನ್ನೆ ಬರೆದಂತಿದ್ದವು. ತೂಕ ಕಡಿಮೆಯೆನಿಸಿತು. "ಹಳೇ ಕಟ್ಟಿಗಿ, ಒಣಗಿ ಹಗರ ಆಗೈತಿ," ಎಂದು ಬೀಗತಿಗೆ ವಿವರಿಸಿದೆ. ತಳದಲ್ಲಿ ಹತ್ತಿದ್ದ ಮಣ್ಣನ್ನು ನಾನೇ ಒದ್ದೆ ಬಟ್ಟೆಯಿಂದ ಒರೆಸಿದೆ. ಬೆರಳಿನಿಂದ ಬಡಿದರೆ ಡಬಡಬ ಎಂದಿತು. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲಿದೆಯೆಂದು ತಿಳಿಯಿರಿ ಎಂದು ಎಷ್ಟು ಮಕ್ಕಳಿಗೆ ಬರೆಸಿದ್ದೆನೋ! ಅವತ್ತು ಮಾತ್ರ, "ನಾದ ಕೇಳ್ರಿ, ಎಷ್ಟು ಛಲೋ ಐತಿ!" ಎಂದೆ. ಗೆದ್ದಲಿಗೆ ಬಣ್ಣ ರುಚಿಸುವುದಿಲ್ಲ. ಅದು ಕಟ್ಟಿಗೆಯನ್ನು ಒಳಗಿಂದ ತಿಂದು, ನಮ್ಮಂಥ ಬಲ್ಲವರು ಮೆಚ್ಚಲೆಂದು ಬಣ್ಣವನ್ನು ಬಿಡುತ್ತದೆ.

ತೊಟ್ಟಿಲು ಕಟ್ಟಿದರು. ನಮ್ಮ ಕಡೆ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವುದು ಗುಂಡುಕಲ್ಲು. ಅಡುಗೆಮನೆಯ ಅರೆಯುವ ಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ, ಜೋಗುಳ ಹಾಡಿ ತೂಗುತ್ತಾರೆ. ಶಾಂತವ್ವನ ತೋಳಿನಲ್ಲಿ ಕೂಸು ಕಿರುಚುತ್ತಿತ್ತು. ನನಗೆ ತಾಳ್ಮೆ ತಪ್ಪಿತು.

"ಕಲ್ಲಿಗ್ಯಾಕ ಜೋಗುಳ? ಕೂಸು ಅಳಾಕ ಹತ್ತೈತಿ, ಮೊದಲ ಅದನ್ನ ಮಲಗಸ್ರಿ."

"ನೀವು ಸುಮ್ಮನ ಕುಂದರ್ರಿ," ಎಂದಳು ಶಾಂತವ್ವ.

ಬೀಗತಿ ಕಲ್ಲು ಮಲಗಿಸಿ ಒಮ್ಮೆ ತೂಗಿದರು. ಎರಡನೇ ತೂಗಿಗೆ ತೊಟ್ಟಿಲ ತಳ ಕಳಚಿ, ಕಲ್ಲು ಧಡ್ಡೆಂದು ನೆಲಕ್ಕೆ ಬಿತ್ತು. ಅದರ ಹಿಂದೆ ಪುಡಿ ಮಣ್ಣು, ಮಣ್ಣಿನ ಜೊತೆ ಬೆಳ್ಳನೆಯ ಹುಳುಗಳು ಸುರಿದವು. ಕಲ್ಲು ಬಿದ್ದಲ್ಲಿ ನೆಲದ ಫರಸಿ ಒಡೆದಿತ್ತು. ಹಾಡು ನಿಂತಿತು. ಸುಧಾ ತಾಯಿಯ ಕೈಯಿಂದ ಕೂಸನ್ನು ಕಸಿದುಕೊಂಡು ಎದೆಗವಚಿಕೊಂಡಳು. ನಾನು ಗೋಡೆ ಹಿಡಿದು ಕೂತೆ.

ಶಾಂತವ್ವ ನನ್ನ ಕಡೆ ನೋಡಿದಳು. ಗೆದ್ದಲಿಗೆ ಹಾಲೆರೆಸಿದ್ದೂ ನಿನ್ನ ಶಾಸ್ತ್ರವೇ ಎಂದು ಹೇಳಬಹುದಿತ್ತು. ಆದರೆ ಅವಳ ಒಂದು ಶಾಸ್ತ್ರ ತೊಟ್ಟಿಲನ್ನು ತಿನ್ನಿಸಿದರೆ ಇನ್ನೊಂದು ಕೂಸನ್ನು ಉಳಿಸಿತ್ತು. ನನ್ನ ವಿಜ್ಞಾನ ಎರಡೂ ಸಲ ಅಲ್ಲೇ ಇತ್ತು, ಮಾತಾಡುತ್ತ.

ಹೆಂಗಸರು ತೊಟ್ಟಿಲು ಕಟ್ಟಿದ್ದ ಕಬ್ಬಿಣದ ಕೊಂಡಿಗೆ ಒಂದು ಹಳೆಯ ಇಳಕಲ್ ಸೀರೆ ಕಟ್ಟಿದರು. ಸುಧಾ ಕೂಸನ್ನೆತ್ತಿಕೊಂಡು ಮುಂದೆ ಬಂದಳು.

"ತಡೀಯವ್ವಾ," ಎಂದೆ.

ಎದ್ದು ಹೋಗಿ ಕಲ್ಲನ್ನು ನಾನೇ ಎತ್ತಿ ತಂದು, ಕುಂಚಿಗೆ ಸರಿಮಾಡಿ, ಸೀರೆಯೊಳಗೆ ಮಲಗಿಸಿದೆ. ಹೆಂಗಸರು ನಗುತ್ತ ಸಾಕು ಸಾಕೆಂದರೂ ಬಿಡದೆ, ಜೋಗುಳ ಮುಗಿಯುವವರೆಗೆ ತೂಗಿದೆ.